14 ಗ್ರೂಪ್‌ಗಳಲ್ಲಿದ್ದೂ ದಾರಿ ಕಾಣುತ್ತಿಲ್ಲ: ಪದವಿ ಮುಗಿಸಿದವರ ಧೈರ್ಯದ ಲೆಕ್ಕ

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯವಳು. ಕಳೆದ ವರ್ಷ ಬಿ.ಎಸ್‌ಸಿ. ಮುಗಿಸಿದೆ. ಓದಿದ್ದು ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ. ಕೆಲಸದ ವಿಷಯ ತಿಳಿಯಲೆಂದು ಒಂದೊಂದಾಗಿ ಸೇರುತ್ತಾ ಹೋಗಿ ಈಗ ವಾಟ್ಸಾಪ್, ಟೆಲಿಗ್ರಾಂ ಎರಡೂ ಸೇರಿ 14 ಗ್ರೂಪ್‌ಗಳಲ್ಲಿದ್ದೇನೆ. ಒಂದರಲ್ಲಿ ಕೆಎಎಸ್ ಓದು ಅನ್ನುತ್ತಾರೆ, ಇನ್ನೊಂದರಲ್ಲಿ ಡೇಟಾ ಅನಾಲಿಸ್ಟ್ ಆಗು, ಮತ್ತೊಂದರಲ್ಲಿ ಹೊರದೇಶಕ್ಕೆ ಹೋಗು. ಮನೆಯಲ್ಲಿ ‘ತೋಟ ನೋಡಿಕೋ, ಸಾಕು’ ಅನ್ನುತ್ತಾರೆ. ಬೆಳಗ್ಗೆ ಒಂದು ನಿರ್ಧಾರ, ರಾತ್ರಿ ಇನ್ನೊಂದು. ಈ ಗ್ರೂಪ್‌ಗಳಿಂದ ನನ್ನ ಧೈರ್ಯ ಬೆಳೆಯುತ್ತಿದೆಯೋ ಕರಗುತ್ತಿದೆಯೋ ಗೊತ್ತಾಗುತ್ತಿಲ್ಲ. ಎಲ್ಲವನ್ನೂ ಬಿಟ್ಟುಬಿಡಲೇ?

ಉತ್ತರ: ಎಲ್ಲವನ್ನೂ ಬಿಡಬೇಡಿ. ಆದರೆ ಆ 14ರಲ್ಲಿ ಒಂದಕ್ಕೂ ನಿಮ್ಮ ಪರವಾಗಿ ಆಯ್ಕೆ ಮಾಡುವ ಅಧಿಕಾರ ಕೊಡಬೇಡಿ. ಮಾಹಿತಿ ತಂದುಕೊಡುವುದಕ್ಕೆ, ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಬಿಡಿಸುವುದಕ್ಕೆ ಗ್ರೂಪ್‌ನಷ್ಟು ಒಳ್ಳೆಯ ಸಹಾಯ ಇನ್ನೊಂದಿಲ್ಲ. ಯಾವ ದಾರಿ ಹಿಡಿಯಬೇಕು ಎಂಬುದನ್ನೂ ಅದರ ಮೇಲೆ ಬಿಟ್ಟರೆ ಮಾತ್ರ ಬೆಳಗಿನ ನಿರ್ಧಾರ ರಾತ್ರಿಗೆ ಉಳಿಯುವುದಿಲ್ಲ.

ವೃತ್ತಿ ಆರಿಸುವ ಧೈರ್ಯ ಒಂದೇ ಗುಣವಲ್ಲ. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕರೆನ್ ಟೇಲರ್ ಮತ್ತು ನ್ಯಾನ್ಸಿ ಬೆಟ್ಜ್ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದಾಗ ಐದು ಬೇರೆ ಬೇರೆ ಕೆಲಸಗಳಾಗಿ ಬಿಡಿಸಿದರು: ತನ್ನ ಶಕ್ತಿ, ಮಿತಿಗಳನ್ನು ಸರಿಯಾಗಿ ತೂಗುವುದು, ಉದ್ಯೋಗಗಳ ಮಾಹಿತಿ ಕಲೆಹಾಕುವುದು, ಗುರಿ ಆರಿಸುವುದು, ಅದಕ್ಕೆ ಯೋಜನೆ ಹಾಕುವುದು, ಅಡ್ಡಿ ಬಂದಾಗ ಪರಿಹಾರ ಹುಡುಕುವುದು. ಒಂದರಲ್ಲಿ ಗಟ್ಟಿಯಾಗಿರುವವರು ಇನ್ನೊಂದರಲ್ಲಿ ತೀರಾ ಸಡಿಲವಾಗಿರಬಹುದು. ಈಗಲೇ ಒಂದು ಹಾಳೆ ತೆಗೆದುಕೊಂಡು ಐದನ್ನೂ ಬರೆದು, ಪ್ರತಿಯೊಂದರ ಮುಂದೆ 5ಕ್ಕೆ ಎಷ್ಟು ಎಂದು ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ, ದಿನಾಂಕ ಹಾಕಿ. ನಿಮ್ಮ ಪತ್ರ ನೋಡಿದರೆ ಮಾಹಿತಿಗೆ 4, ಗುರಿ ಆರಿಸುವುದಕ್ಕೆ 1 ಬರುವ ಹಾಗಿದೆ. ಹಾಗಿದ್ದಲ್ಲಿ ಹದಿನೈದನೆಯ ಗ್ರೂಪ್ ಸೇರುವುದೆಂದರೆ ತುಂಬಿದ ಕೊಡಕ್ಕೇ ಮತ್ತೆ ನೀರು ಹಾಕಿದಂತೆ. ಸಡಿಲವಿರುವುದು ಬೇರೆ ಕಡೆ.

ಇನ್ನು ಧೈರ್ಯ ಬರುವುದು ಎಲ್ಲಿಂದ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು, ಇವತ್ತಿಗೂ ಈ ಕ್ಷೇತ್ರದ ತಳಪಾಯ ಅದೇ. ಸ್ವತಃ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಬಲವಾದದ್ದು. ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು ಎರಡನೆಯದು. ‘ನಿನ್ನಿಂದ ಆಗುತ್ತೆ’ ಎಂಬ ಮಾತು ಮೂರನೆಯದು. ಮೈಮನಸ್ಸಿನ ಆಗಿನ ಸ್ಥಿತಿ, ಅಂದರೆ ಎದೆಬಡಿತ, ಆತಂಕ, ನಿದ್ದೆಗೆಟ್ಟ ಸುಸ್ತು ನಾಲ್ಕನೆಯದು.

ಎರಡನೆಯದರ ಬಲ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಹುಡುಗ ಹುಡುಗಿಯರಿಗೆ ಸೈನ್ಯಕ್ಕೆ ಅರ್ಜಿ ಹಾಕಲು ಯಾರೂ ಧೈರ್ಯ ತುಂಬಬೇಕಾಗಿಲ್ಲ. ಕಾರಿಯಪ್ಪ, ತಿಮ್ಮಯ್ಯನವರ ಹೆಸರಿಗಿಂತ ಹೆಚ್ಚಾಗಿ, ಪಕ್ಕದ ಮನೆಯ ಮಾವ ಸುಬೇದಾರರಾಗಿ ನಿವೃತ್ತರಾಗಿದ್ದಾರೆ, ದೊಡ್ಡಪ್ಪನ ಮಗ ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದ ಐದು ದಿನ ಏನಾಯಿತೆಂದು ಊಟಕ್ಕೆ ಕೂತಾಗ ಹೇಳಿದ್ದಾನೆ. ಆ ದಾರಿ ಕಣ್ಣಮುಂದಿದೆ. ನಾಪೋಕ್ಲಿನಲ್ಲಿ ಬೆಳೆದು ಡೇಟಾ ಅನಾಲಿಸ್ಟ್ ಆದವರು, ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿರುವವರು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬಿಕೊಡುವುದೇ ಆನ್‌ಲೈನ್ ಗ್ರೂಪ್‌ನ ನಿಜವಾದ ಉಪಕಾರ: ಸಣ್ಣ ಊರಿನಿಂದ, ಸಾಧಾರಣ ಕಾಲೇಜಿನಿಂದ ಬಂದು, ಇಂಗ್ಲಿಷ್‌ನಲ್ಲಿ ತಡವರಿಸುತ್ತಲೇ ಆ ಕೆಲಸ ಹಿಡಿದವರು ಅಲ್ಲಿ ಸಿಗುತ್ತಾರೆ. ನಿಮ್ಮಂಥವರು ಎನ್ನುವುದು ಇಲ್ಲಿ ಮುಖ್ಯ. ಐಐಟಿ ಮುಗಿಸಿದವರ ಗೆಲುವು ನೋಡಿದರೆ ನಿಮ್ಮ ಧೈರ್ಯ ಬೆಳೆಯುವುದಿಲ್ಲ, ಅದು ಬೇರೆ ಜಾತಿಯ ಗಿಡ ಎಂದು ಮನಸ್ಸು ಪಕ್ಕಕ್ಕಿಡುತ್ತದೆ.

ಮೂರನೆಯದು, ಹುರಿದುಂಬಿಸುವ ಮಾತು, ಗ್ರೂಪ್‌ಗಳಲ್ಲಿ ಅತಿ ಅಗ್ಗಕ್ಕೆ ಸಿಗುವುದು. ಹಿಂದೆ ಮಾಡಿದ ಕೆಲಸದ ಆಸರೆ ಇಲ್ಲದ ಹೊಗಳಿಕೆ ಮೊದಲ ಸೋಲಿಗೇ ಉದುರಿಹೋಗುತ್ತದೆ, ಉದುರುವಾಗ ಸ್ವಂತದ್ದನ್ನೂ ಸ್ವಲ್ಪ ಕಿತ್ತುಕೊಂಡು ಹೋಗುತ್ತದೆ. ನಾಲ್ಕನೆಯದರ ಹಾನಿ ರಾತ್ರಿ ಹೊತ್ತಿನದು. ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಇನ್ನೊಬ್ಬರ ನೇಮಕಾತಿ ಪತ್ರದ ಚಿತ್ರ ನೋಡಿದಾಗ ಆಗುವ ಸಂಕಟವನ್ನು ‘ನನ್ನಿಂದ ಆಗದು’ ಎಂಬ ತೀರ್ಪಾಗಿ ಮನಸ್ಸು ಓದಿಕೊಳ್ಳುತ್ತದೆ. ಹಾಗಾಗಿ ರಾತ್ರಿ 9ರ ನಂತರ ಉದ್ಯೋಗದ ಗ್ರೂಪ್‌ಗಳು ಮೌನವಾಗಿರಲಿ. ಯಾವುದೇ ದೊಡ್ಡ ಫಲಿತಾಂಶ ಬಂದ ದಿನದಿಂದ 48 ಗಂಟೆ ಯಾವ ನಿರ್ಧಾರವೂ ಬೇಡ, ಕೋರ್ಸ್‌ಗೆ ಹಣ ಕಟ್ಟುವುದಂತೂ ಬೇಡವೇ ಬೇಡ.

ಗ್ರೂಪ್‌ನಲ್ಲಿ ಕಾಣುವ ಗೆಲುವುಗಳನ್ನು ಓದುವ ವಿದ್ಯೆ ನಿಮ್ಮ ಮನೆಯಲ್ಲೇ ಇದೆ. ಕಾಫಿ ರೇಟಿನ ಗ್ರೂಪ್‌ನಲ್ಲಿ ಯಾರಾದರೂ ‘ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ಇಷ್ಟು ಸಿಕ್ಕಿತು’ ಎಂದು ಹಾಕಿದರೆ ನಿಮ್ಮ ಅಪ್ಪ ಮೊದಲು ಕೇಳುವುದು ಏನು? ‘ಔಟ್‌ಟರ್ನ್ ಎಷ್ಟು?’, ಅಂದರೆ ಸಿಪ್ಪೆ ತೆಗೆದ ಮೇಲೆ ಉಳಿದ ಬೇಳೆ ಎಷ್ಟು ಎಂದು. 50 ಕಿಲೋ ಚೀಲದಲ್ಲಿ ಬೇಳೆ 26 ಕಿಲೋ ಬಿತ್ತೋ 28 ಬಿತ್ತೋ, ತೇವ ಎಷ್ಟಿತ್ತು, ಹಣ ಕೈಗೆ ಬಂತೋ ಬಾಕಿಯೋ ಎಂದು ತಿಳಿಯದೆ ಆ ಸಂಖ್ಯೆಗೆ ಅರ್ಥವಿಲ್ಲ. ‘ನನಗೆ 4 ಲಕ್ಷದ ಪ್ಯಾಕೇಜ್’ ಎಂಬ ಮಾತಿಗೂ ಔಟ್‌ಟರ್ನ್ ಕೇಳಬೇಕು.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 4,00,000 ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು), ಅದರಲ್ಲಿ ಮೂಲವೇತನ ಅರ್ಧ, ಅಂದರೆ 2,00,000 ಎಂದುಕೊಳ್ಳೋಣ. ಕಂಪನಿ ಕಟ್ಟುವ ಪಿಎಫ್ ಪಾಲು ಮೂಲವೇತನದ ಶೇ 12, ಅದು 24,000. ಗ್ರಾಚ್ಯುಟಿ ಹೆಸರಲ್ಲಿ ಶೇ 4.81, ಅಂದರೆ 9,620. ಗುಂಪು ವಿಮೆಗೆ 6,000, ಕೆಲಸದ ಸಾಧನೆ ನೋಡಿ ಕೊಡುವ ಭಾಗ 40,000 ಎಂದಿಟ್ಟುಕೊಳ್ಳಿ. ಇವು ಯಾವುವೂ ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಉಳಿದ 3,20,380ರಲ್ಲಿ ನಿಮ್ಮ ಪಾಲಿನ ಪಿಎಫ್ 24,000 ಮತ್ತು ವೃತ್ತಿ ತೆರಿಗೆ ಸುಮಾರು 2,500 ಕಳೆದರೆ ಕೈಗೆ ಸಿಗುವುದು ತಿಂಗಳಿಗೆ ಹತ್ತಿರ ಹತ್ತಿರ 24,500. ಬೆಂಗಳೂರಿನ ಪಿಜಿಗೆ 10,000 ಹೋದರೆ 14,500. ಇದು ಕಡಿಮೆ ಎಂದು ಹೇಳುತ್ತಿಲ್ಲ. ಮೊದಲ ಕೆಲಸಕ್ಕೆ ಇದು ಒಳ್ಳೆಯ ಆರಂಭವೇ ಆಗಿರಬಹುದು. ಆದರೆ ನೀವು ಹೋಲಿಸಿಕೊಳ್ಳಬೇಕಾದದ್ದು 24,500ರ ಜೊತೆ, 4 ಲಕ್ಷದ ಜೊತೆ ಅಲ್ಲ. ಬಾಂಡ್, ಅಂದರೆ ಕೆಲಸ ಬಿಡುವಂತಿಲ್ಲ ಎಂಬ ಕರಾರು ಎಷ್ಟು ವರ್ಷ, ತರಬೇತಿಯ ಸಮಯದಲ್ಲಿ ಸಂಬಳ ಎಷ್ಟು, ರಾತ್ರಿ ಪಾಳಿ ಇದೆಯೋ ಎಂಬುದೂ ಔಟ್‌ಟರ್ನ್ ಒಳಗೇ ಬರುವ ಪ್ರಶ್ನೆಗಳು.

ಪರೀಕ್ಷೆಗಳ ಗ್ರೂಪ್‌ನಲ್ಲಿ ಕೇಳಬೇಕಾದದ್ದು ಕೆಳಗಿನ ಸಂಖ್ಯೆ, ಎಷ್ಟರಲ್ಲಿ ಎಷ್ಟು ಎಂಬುದು. ಕೆಎಎಸ್‌ನದಲ್ಲದಿದ್ದರೂ ಒಂದು ಉದಾಹರಣೆ: ಯುಪಿಎಸ್‌ಸಿಯ 2023ರ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850. ಪ್ರಿಲಿಮ್ಸ್ ಬರೆದವರು 5,92,141. ಮೇನ್ಸ್‌ಗೆ 14,624, ಸಂದರ್ಶನಕ್ಕೆ 2,855, ಕೊನೆಗೆ ಆಯ್ಕೆಯಾದವರು 1,016. ಬರೆದ ಸುಮಾರು 583 ಮಂದಿಗೆ ಒಬ್ಬರು. ಟೆಲಿಗ್ರಾಂನಲ್ಲಿ ಹಾರ ಹಾಕಿಸಿಕೊಂಡು ಮಾತನಾಡುವವರು ಆ ಒಬ್ಬರು. ಉಳಿದ 582 ಮಂದಿ ಸದ್ದಿಲ್ಲದೆ ಗ್ರೂಪ್ ಬಿಟ್ಟಿರುತ್ತಾರೆ, ಅವರು ಈಗ ಏನು ಮಾಡುತ್ತಿದ್ದಾರೆ ಎಂಬುದೇ ನಿಮಗೆ ಬೇಕಾದ ಮಾಹಿತಿ. ಪ್ರಿಲಿಮ್ಸ್ ಮೂರು ಸಲ ಬರೆದು ಬಿಟ್ಟವರೊಬ್ಬರನ್ನು ಹುಡುಕಿ ಮಾತನಾಡಿಸಿ. ಆ ಓದಿನಲ್ಲಿ ಬೇರೆಡೆ ಉಪಯೋಗಕ್ಕೆ ಬಂದದ್ದು ಏನು, ಯಾವಾಗ ನಿಲ್ಲಿಸಬೇಕಿತ್ತು ಎಂದು ಕೇಳಿ. ಕೋಚಿಂಗ್ ಜಾಹೀರಾತು ಕೊಡದ ಮಾಹಿತಿ ಅರ್ಧ ಗಂಟೆಯಲ್ಲಿ ಸಿಗುತ್ತದೆ.

ಈಗ ನಿಮ್ಮ 14 ಗ್ರೂಪ್‌ಗಳನ್ನು ಸೋಸುವ ಕೆಲಸ. ಇದಕ್ಕೆ ಎರಡು ಗಂಟೆ ಸಾಕು. ಒಂದೊಂದನ್ನೂ ತೆರೆದು ಕೊನೆಯ 50 ಸಂದೇಶ ಓದಿ, ನಾಲ್ಕು ಕಾಲಂನಲ್ಲಿ ಗೀಟು ಹಾಕುತ್ತಾ ಹೋಗಿ: ಕೆಲಸ ಮಾಡುತ್ತಿರುವವರೇ ಬರೆದ, ವಿವರವಿರುವ ಅನುಭವ; ಫಾರ್ವರ್ಡ್ ಮತ್ತು ಜಾಹೀರಾತು; ಬರೀ ಹುರುಪಿನ ಮಾತು; ಗೆಲುವಿನ ಘೋಷಣೆ. ಮೊದಲ ಕಾಲಂನಲ್ಲಿ 50ಕ್ಕೆ 10 ಕೂಡ ಬೀಳದಿದ್ದರೆ ಆ ಗ್ರೂಪ್ ನಿಮ್ಮ ಸಮಯ ತಿನ್ನುತ್ತಿದೆ. ಹತ್ತು ಎಂಬುದು ಶಾಸ್ತ್ರವೇನಲ್ಲ, ಕೈ ಅಳತೆ. ಇನ್ನೊಂದು ಗುರುತು: ಯಾರಾದರೂ ಸೋತದ್ದನ್ನು ಹೇಳಿಕೊಂಡಿದ್ದಾರೆಯೇ, ಹೇಳಿದಾಗ ಉಳಿದವರು ಏನೆಂದರು? ಸೋಲು ಹೇಳಲು ಜಾಗವಿಲ್ಲದ ಕಡೆ ಗೆಲುವಿನ ಸುದ್ದಿಯನ್ನು ನಂಬುವುದು ಕಷ್ಟ. ಈ ಜರಡಿಯಲ್ಲಿ ಮೂರಕ್ಕಿಂತ ಹೆಚ್ಚು ಉಳಿಯುವುದು ಅಪರೂಪ, ಮೂರಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಆ ಮೂರರಲ್ಲಿ ಒಂದಾದರೂ ನೀವು ಯಾರಿಗೂ ಗೊತ್ತಿಲ್ಲದ ಕಡೆಯದಾಗಿರಲಿ. ಇದಕ್ಕೆ ಎರಡು ಕಾರಣ. ಕುಟುಂಬದ ಗ್ರೂಪ್, ಕಾಲೇಜಿನ ಬ್ಯಾಚಿನ ಗ್ರೂಪ್, ಊರಿನ ಗ್ರೂಪ್ ಎಲ್ಲದರಲ್ಲೂ ಹೆಚ್ಚು ಕಡಿಮೆ ಅದೇ ಜನ, ಆದ್ದರಿಂದ ಅದೇ ಮಾಹಿತಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ಹೇಳಿದ ಮಾತು ಇದು: ಹೊಸ ಸುದ್ದಿ ಬರುವುದು ಗಟ್ಟಿ ನಂಟಿನಿಂದಲ್ಲ, ಅಷ್ಟಕ್ಕಷ್ಟೇ ಪರಿಚಯವಿರುವವರಿಂದ. ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾದಾಗ ಇದಕ್ಕೆ ಒಂದು ತಿದ್ದುಪಡಿಯೂ ಬಂತು. ತೀರಾ ಅಪರಿಚಿತರಲ್ಲ, ತೀರಾ ಹತ್ತಿರದವರೂ ಅಲ್ಲ, ನಡುವಿನ ಪರಿಚಯದವರಿಂದಲೇ ಕೆಲಸ ಬದಲಾಯಿಸಲು ಹೆಚ್ಚು ಸಹಾಯವಾಗಿತ್ತು. ನಿಮ್ಮ ಸೀನಿಯರ್‌ನ ಸಹೋದ್ಯೋಗಿ, ಮಡಿಕೇರಿಯಲ್ಲಿ ಓದಿ ಈಗ ಮೈಸೂರಿನಲ್ಲಿರುವ ಅಕ್ಕನ ಗೆಳತಿ, ಇಂಥವರು.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಚಿಕ್ಕ ಜಿಲ್ಲೆಯಲ್ಲಿ ಸ್ವಂತ ಹೆಸರಿನಿಂದ ‘ನನಗೆ ಕೆಎಎಸ್ ಬೇಡ ಅನಿಸುತ್ತಿದೆ’ ಎಂದು ಬರೆದರೆ ಸಂಜೆಯೊಳಗೆ ಅದು ಅಮ್ಮನ ಕಿವಿಗೆ ಬಿದ್ದಿರುತ್ತದೆ. ಆ ಭಯಕ್ಕೆ ಎಷ್ಟೋ ಪದವೀಧರರು ವರ್ಷಗಟ್ಟಲೆ ಗ್ರೂಪ್‌ನಲ್ಲಿದ್ದೂ ಒಂದೇ ಒಂದು ಪ್ರಶ್ನೆ ಕೇಳಿರುವುದಿಲ್ಲ. ಕೇಳದೆ ಬರೀ ಓದುತ್ತಿರುವವರಿಗೆ ಎಲ್ಲರೂ ಮುಂದೆ ಹೋದಂತೆ ಕಾಣುತ್ತದೆ, ಏಕೆಂದರೆ ಅವರಂತೆಯೇ ಸುಮ್ಮನಿರುವ ನೂರಾರು ಮಂದಿ ಕಾಣುವುದಿಲ್ಲ. ರೆಡ್ಡಿಟ್‌ನಂಥ ಕಡೆ ಹೆಸರು ಮರೆಸಿ ಕೇಳಬಹುದು, ಅದು ಒಳ್ಳೆಯ ಶುರು. ಆದರೆ ಹೆಸರಿಲ್ಲದವರ ಉತ್ತರವನ್ನು ಹೆಸರಿರುವ ಒಬ್ಬರಾದರೂ ದೃಢಪಡಿಸುವ ತನಕ ಅದರ ಮೇಲೆ ಹಣ ಹಾಕಬೇಡಿ.

ಪ್ರಶ್ನೆ ಕೇಳುವ ರೀತಿಯಿಂದಲೇ ಉತ್ತರದ ಗುಣ ಬದಲಾಗುತ್ತದೆ. ‘ಬಿ.ಎಸ್‌ಸಿ. ಆಯ್ತು, ಮುಂದೇನು ಮಾಡಲಿ?’ ಎಂದರೆ ಮೂವತ್ತು ಜನ ಮೂವತ್ತು ದಾರಿ ತೋರಿಸುತ್ತಾರೆ. ಅದು ಗುರಿ ಆರಿಸುವ ಕೆಲಸವನ್ನು ಅವರಿಗೆ ಒಪ್ಪಿಸಿದ ಹಾಗೆ. ಅದರ ಬದಲು ಹೀಗೆ: ‘ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಬಿ.ಎಸ್‌ಸಿ., ಶೇ 68. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ (ಮೊತ್ತಗಳ ಸಾರಾಂಶ ಪಟ್ಟಿ) ವರೆಗೆ ಬರುತ್ತದೆ, ಎಸ್‌ಕ್ಯುಎಲ್ (ಡೇಟಾ ತೆಗೆಯುವ ಕಂಪ್ಯೂಟರ್ ಭಾಷೆ) ಬರುವುದಿಲ್ಲ. ಆರು ತಿಂಗಳು ಸಂಬಳವಿಲ್ಲದೆ ಇರಬಲ್ಲೆ. ಗಣಿತ ಓದದವರು ಡೇಟಾ ಕೆಲಸಕ್ಕೆ ಸೇರಿದ್ದರೆ, ಮೊದಲ ಮೂರು ತಿಂಗಳು ಎಲ್ಲಿ ಕಷ್ಟವಾಯಿತು?’ ನಾಲ್ಕು ಸಾಲು, ಒಂದೇ ಪ್ರಶ್ನೆ, ಅದೂ ಅನುಭವದ ಪ್ರಶ್ನೆ. ‘ಒಳ್ಳೆಯದಾ?’ ಎಂದು ಕೇಳಬೇಡಿ, ‘ಎಲ್ಲಿ ಕಷ್ಟವಾಯಿತು?’ ಎಂದು ಕೇಳಿ. ಇಂಗ್ಲಿಷ್ ಗ್ರೂಪ್ ಎಂದು ಹಿಂಜರಿಕೆಯಾದರೆ ಮೊದಲು ಕನ್ನಡದಲ್ಲಿ ಬರೆದುಕೊಂಡು, ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷ್‌ಗೆ ತನ್ನಿ. ವ್ಯಾಕರಣ ತಪ್ಪಿದರೂ ನಿಖರವಾದ ಪ್ರಶ್ನೆಗೆ ಉತ್ತರ ಬರುತ್ತದೆ, ಸೊಗಸಾದರೂ ಸಡಿಲವಾದ ಪ್ರಶ್ನೆಗೆ ಬರುವುದಿಲ್ಲ. ರೆಸ್ಯೂಮೆ ತೋರಿಸಿ ಸಲಹೆ ಕೇಳುವಾಗ ಫೋನ್ ಸಂಖ್ಯೆ, ಮನೆ ವಿಳಾಸ, ಹುಟ್ಟಿದ ದಿನಾಂಕ ಅಳಿಸಿ ಹಾಕಿ.

ಇಷ್ಟಾದರೂ ಗ್ರೂಪ್ ಕೊಡಲಾಗದ ಒಂದಿದೆ, ಬಂಡೂರಾ ಹೇಳಿದ ಮೊದಲನೆಯ ಮೂಲ: ಸ್ವತಃ ಮಾಡಿ ಗೆದ್ದ ಅನುಭವ. ಅದಕ್ಕೆ ಕೈ ಕೆಸರಾಗಲೇಬೇಕು. ನಿಮ್ಮ ಮುಂದಿರುವ ಪ್ರತಿ ದಾರಿಗೂ 15ರಿಂದ 20 ಗಂಟೆಯ ಒಂದು ಪುಟ್ಟ ಪ್ರಯೋಗ ಮಾಡಿ ನೋಡಿ. ಅಷ್ಟು ಸಮಯ ಕೊಡದೆ ‘ಇಷ್ಟ’, ‘ಇಷ್ಟವಿಲ್ಲ’ ಎಂದು ತೀರ್ಮಾನಿಸುವುದು ಬೇಡ.

ಡೇಟಾ ಕೆಲಸದ ಪ್ರಯೋಗಕ್ಕೆ ಸಾವಿರಾರು ರೂಪಾಯಿಯ ಕೋರ್ಸ್ ಬೇಕಿಲ್ಲ. ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಮಳೆ ಲೆಕ್ಕದ ಪುಸ್ತಕ ನಿಮ್ಮಲ್ಲೂ ಇದ್ದರೆ ಅದನ್ನೇ ತೆಗೆಯಿರಿ, ಇಲ್ಲದಿದ್ದರೆ ನೆರೆಮನೆಯಿಂದ ಕೇಳಿ ತನ್ನಿ. ಐದು ವರ್ಷದ್ದು ಸಾಕು, ದಿನಕ್ಕೊಂದು ಸಾಲಿನಂತೆ ಸುಮಾರು 1,826 ಸಾಲು. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಎರಡೇ ಕಾಲಂ: ದಿನಾಂಕ, ಇಂಚು. ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಭಾಗ, ಹಾಗಾಗಿ 3 ಇಂಚು 45 ಸೆಂಟ್ ಎಂದರೆ 3.45. ಆದರೆ 3 ಇಂಚು 5 ಸೆಂಟ್ ಎಂದರೆ 3.05, ಅದನ್ನು 3.5 ಎಂದು ಬರೆಯುವುದು ಇಲ್ಲಿ ಆಗುವ ಮೊದಲ ತಪ್ಪು. ಎರಡನೆಯದು ದಿನಾಂಕದ್ದು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 05/08 ಎಂಬ ಆಗಸ್ಟ್ 5 ಅದಕ್ಕೆ ಮೇ 8 ಆಗುತ್ತದೆ, ಮುಂಗಾರಿನ ಮಳೆ ಬೇಸಿಗೆಗೆ ಹೋಗಿ ಕೂರುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂನ ದಿನಾಂಕ ಕ್ರಮವನ್ನು ಭಾರತದ್ದಕ್ಕೆ ಬದಲಿಸಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಖಾಲಿ ಬಿಟ್ಟ ದಿನ. ಖಾಲಿ ಎಂದರೆ ಮಳೆ ಇರಲಿಲ್ಲ ಎಂದೋ, ಅಳೆಯಲಿಲ್ಲ ಎಂದೋ? 2018ರ ಆಗಸ್ಟ್‌ನಂಥ ತಿಂಗಳಲ್ಲಿ ಪುಟ ಖಾಲಿಯಿದ್ದರೆ ಅದು ಸೊನ್ನೆಯಾಗಿರಲು ಸಾಧ್ಯವೇ ಇಲ್ಲ. ಆ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ, ಸರಾಸರಿಯಿಂದ ಹೊರಗಿಡಿ. ಬರೆದ ಅಜ್ಜನೋ ಚಿಕ್ಕಪ್ಪನೋ ಇದ್ದರೆ ಅವರನ್ನು ಕೇಳಿ.

ನಮೂದಿಸಿದ ಮೇಲೆ ಪಿವಟ್ ಟೇಬಲ್‌ನಲ್ಲಿ ಸಾಲಿಗೆ ತಿಂಗಳು, ಕಾಲಂಗೆ ವರ್ಷ ಇಟ್ಟು ಮೊತ್ತ ತೆಗೆಯಿರಿ. ಆಮೇಲೆ ಒಂದು ನಿಜವಾದ ಪ್ರಶ್ನೆ ಹಿಡಿಯಿರಿ: ಐದು ವರ್ಷದಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ಯಾವ ದಿನ ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾಯಬೇಕಾಯಿತು? ಒಂದು ಗ್ರಾಫ್, ಕೆಳಗೆ ಐದು ಸಾಲಿನ ವಿವರಣೆ. ಇಷ್ಟಕ್ಕೆ 15 ಗಂಟೆ ಹಿಡಿಯಬಹುದು. ಡೇಟಾ ಅನಾಲಿಸ್ಟ್ ಕೆಲಸದ ದೊಡ್ಡ ಪಾಲು ಹೀಗೆ ಕೊಳೆ ತೆಗೆಯುವುದೇ. ಖಾಲಿ ಮನೆಗಳ ಜೊತೆ ಗುದ್ದಾಡುವಾಗ ಸಮಯ ಹೋದದ್ದು ಗೊತ್ತಾಗದಿದ್ದರೆ ಈ ಕೆಲಸ ನಿಮಗೆ ಒಗ್ಗುವ ಸೂಚನೆ. ಮೂರನೇ ಗಂಟೆಗೇ ಜೀವ ಬೇಡವಾದರೆ ಅದೂ ಮಾಹಿತಿಯೇ, ಗ್ರೂಪ್‌ನಲ್ಲಿ ಸಾವಿರ ಸಂದೇಶ ಓದಿದರೂ ಸಿಗದಂಥದ್ದು.

ಕೆಎಎಸ್‌ಗೆ: ಹಳೆಯ ಪ್ರಿಲಿಮ್ಸ್‌ನ ಎರಡೂ ಪತ್ರಿಕೆ ಒಂದೇ ದಿನ, ತಲಾ ಎರಡು ಗಂಟೆ, ಫೋನ್ ಬೇರೆ ಕೋಣೆಯಲ್ಲಿಟ್ಟು ಬರೆಯಿರಿ. ಮೊದಲ ಸಲದ ಅಂಕಕ್ಕೆ ಬೆಲೆಯಿಲ್ಲ. ಮರುದಿನದಿಂದ ತಪ್ಪಿದ ಒಂದೊಂದು ಪ್ರಶ್ನೆಯನ್ನೂ ಹಿಡಿದು ಹತ್ತು ದಿನ ಕೂರಲು ಮನಸ್ಸಾಗುತ್ತದೆಯೇ ಎಂಬುದಕ್ಕಿದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಓದಿಗೂ ಊರಿಗೂ ಹೊಂದುವ ಒಂದು ದಾರಿಯನ್ನು ಸೇರಿಸುತ್ತೇವೆ. ಕಾಫಿ ಮಂಡಳಿ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ, ಒಂದು ವರ್ಷದ್ದು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದವರು ಅದರ ಪ್ರಕಟಣೆಯಲ್ಲಿನ ಅರ್ಹತೆ ಓದಿ ನೋಡುವುದು ಒಳಿತು. ಪ್ರಯೋಗ ಎಂದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಮ್ಮೆ, ಕುಶಾಲನಗರದ ಕಡೆಯ ಯಾವುದಾದರೂ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆ) ಒಮ್ಮೆ ಅನುಮತಿ ಕೇಳಿ ಹೋಗುವುದು, ಎ, ಎಬಿ, ಪೀಬೆರಿ (ಒಂಟಿ ಬೇಳೆ) ಎಂದು ಗ್ರೇಡ್ ಹೇಗೆ ಬೇರೆಯಾಗುತ್ತದೆ, ದೋಷದ ಬೇಳೆ ಹೇಗೆ ಗುರುತಿಸುತ್ತಾರೆ ಎಂದು ಒಂದು ದಿನ ನಿಂತು ನೋಡುವುದು.

ತೋಟದ ಪ್ರಯೋಗ ಮನೆಯಲ್ಲೇ ಇದೆ: ಒಂದು ತಿಂಗಳು ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ನೀವೇ ಬರೆಯಿರಿ, ಗೊಬ್ಬರ, ಡೀಸೆಲ್, ಆಳಿನ ಖರ್ಚು ಸೇರಿಸಿ ಚೀಲಕ್ಕೆ ಎಷ್ಟು ಬಿತ್ತೆಂದು ತೆಗೆಯಿರಿ. ಜೊತೆಗೆ ‘ತೋಟ ನೋಡಿಕೋ’ ಎಂಬ ಮಾತಿನಲ್ಲಿ ನಿಮಗಿರುವುದು ತಿಂಗಳ ಸಂಬಳವೋ, ಲಾಭದಲ್ಲಿ ಪಾಲೋ, ನಿರ್ಧಾರ ಮಾಡುವ ಹಕ್ಕೋ ಎಂದು ಅಪ್ಪನನ್ನು ನೇರವಾಗಿ, ಗೌರವದಿಂದ ಕೇಳಿ. ಇದನ್ನು ಕೇಳುವುದು ದುರಾಸೆಯಲ್ಲ. ಹೊರಗಿನ ಕೆಲಸಕ್ಕೆ ಔಟ್‌ಟರ್ನ್ ಕೇಳಿದ ಮೇಲೆ ಮನೆಯ ಕೆಲಸಕ್ಕೂ ಕೇಳಬೇಕು.

ಹೊರದೇಶದ ಗ್ರೂಪ್ ಬಗ್ಗೆ ಎಚ್ಚರಿಕೆ ಬೇಕು. ಅಲ್ಲಿ ಧೈರ್ಯವನ್ನೇ ತಯಾರು ಮಾಡಿ ಮಾರುತ್ತಾರೆ. 200 ಸದಸ್ಯರ ಟೆಲಿಗ್ರಾಂ ಗ್ರೂಪ್‌ನಲ್ಲಿ ಬಹುಪಾಲು ಖಾತೆಗಳು ಮೋಸಗಾರರವೇ ಆಗಿರಬಹುದು. ‘ನನಗೆ ವೀಸಾ ಬಂತು’, ‘ನನಗೂ ಬಂತು, ಥ್ಯಾಂಕ್ಯೂ ಸರ್’ ಎಂದು ಸಾಲುಸಾಲಾಗಿ ಚಿತ್ರಗಳು ಬರುತ್ತವೆ. ನಮ್ಮಂಥವರೇ ಗೆದ್ದದ್ದನ್ನು ನೋಡಿ ಧೈರ್ಯ ಬರುತ್ತದೆ ಎಂದೆವಲ್ಲ, ಅದನ್ನೇ ಬಲೆಯಾಗಿ ಹೆಣೆದಿರುತ್ತಾರೆ. ಮನೆಯಿಂದಲೇ ಸಣ್ಣ ‘ಟಾಸ್ಕ್’ ಮಾಡಿ ಹಣ ಗಳಿಸಿ ಎನ್ನುವವರು ಮೊದಲು ನೂರಿನ್ನೂರು ರೂಪಾಯಿ ನಿಮಗೇ ಕೊಟ್ಟು, ಆಮೇಲೆ ಠೇವಣಿ ಕೇಳುತ್ತಾರೆ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗೆ ಡೇಟಾ ಎಂಟ್ರಿ ಕೆಲಸವೆಂದು ಹೋದ ಭಾರತೀಯರನ್ನು ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿ ದುಡಿಸಿದ್ದೂ ಇದೆ. ಹೊರದೇಶದ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಲೇಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿ, ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಕೆಲಸ ಕೊಡಲು ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳಿದ ಕಡೆಯೂ ಹಾಗೆಯೇ. ಹಣ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರದೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಗುರುತಾದ ಯುಟಿಆರ್ ಸಂಖ್ಯೆ ಕೊಡಿ, ಚಾಟ್ ಅಳಿಸಬೇಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಬ್ಯಾಂಕ್ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಪ್ರಯೋಗಗಳನ್ನು ಒಬ್ಬರೇ ಮಾಡುವುದು ಕಷ್ಟ, ಎರಡನೇ ವಾರಕ್ಕೆ ಕೈಬಿಡುತ್ತದೆ. ಅದಕ್ಕೆ ನಾಲ್ಕೈದು ಜನರ ಸಣ್ಣ ತಂಡ ಕಟ್ಟಿಕೊಳ್ಳಿ. ಭಾನುವಾರ 45 ನಿಮಿಷದ ಕರೆ. ಪ್ರತಿಯೊಬ್ಬರೂ ಮೂರೇ ವಿಷಯ ಹೇಳಬೇಕು: ಈ ವಾರ ಏನು ಮಾಡಿದೆ, ಯಾರಿಗೆ ಏನು ಕಳಿಸಿದೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋಗಿ, ಟವರ್ ಸತ್ತು ಎರಡು ಮೂರು ದಿನ ಸಂಪರ್ಕವೇ ಇಲ್ಲದಿರುವುದು ಭಾಗಮಂಡಲ, ನಾಪೋಕ್ಲು ಕಡೆ ಹೊಸದಲ್ಲ. ಬೇರೆ ಊರಿನವರು ಇರುವ ತಂಡದಲ್ಲಿ ಇದನ್ನು ಮೊದಲೇ ಹೇಳಿಡಿ, ಕರೆಯ ಬದಲು ಎರಡು ನಿಮಿಷದ ಧ್ವನಿ ಸಂದೇಶಕ್ಕೂ ಒಪ್ಪಿಸಿಕೊಳ್ಳಿ. ಲೈವ್ ತರಗತಿ ತಪ್ಪಿದ್ದನ್ನು ನಿಮ್ಮ ಸೋಮಾರಿತನವೆಂದು ನೀವೇ ಅಂದುಕೊಂಡುಬಿಡುವ ಅಪಾಯವಿದೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಕಂಪ್ಯೂಟರ್, ಇಂಟರ್ನೆಟ್ ಇದ್ದರೆ ಬೇಕಾದ್ದನ್ನು ವಾರಕ್ಕೊಮ್ಮೆ ಅಲ್ಲಿಂದ ಇಳಿಸಿಕೊಳ್ಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕುಯ್ಲಿನ ಕಾಲ, ಮನೆಯಲ್ಲಿ ಕೈ ಬೇಕಾಗುತ್ತದೆ. ಪ್ರಯೋಗದ ದಿನಗಳನ್ನು ಅದಕ್ಕೆ ಮೊದಲೇ ಮುಗಿಯುವಂತೆ ಇಟ್ಟುಕೊಳ್ಳಿ.

ಇಂಥ ತಂಡ ಕೆಡುವುದು ಸಾಮಾನ್ಯವಾಗಿ ನಾಲ್ಕನೇ ವಾರದ ಹೊತ್ತಿಗೆ. ಒಬ್ಬರೇ ಮೇಷ್ಟ್ರಾಗಿಬಿಡುತ್ತಾರೆ, ಅಥವಾ ನೇಮಕಾತಿ ನೋಟಿಫಿಕೇಶನ್‌ಗಳ ಗಾಳಿಸುದ್ದಿ ತುಂಬಿಕೊಳ್ಳುತ್ತದೆ. ಕರೆ ನಡೆಸುವ ಸರದಿ ಪ್ರತಿ ವಾರ ಬದಲಾಗಲಿ, ಫಾರ್ವರ್ಡ್‌ಗೆ ಅವಕಾಶವೇ ಬೇಡ. ಯಾರಿಗಾದರೂ ಕೆಲಸ ಸಿಕ್ಕರೆ ಇನ್ನೊಂದು ತಿಂಗಳು ಇರುವಂತೆ ಕೇಳಿಕೊಳ್ಳಿ. ಒಳಗಿನ ಸುದ್ದಿ ಬಿಸಿಬಿಸಿಯಾಗಿ ಸಿಗುವುದು ಆ ತಿಂಗಳಲ್ಲೇ. ಪರಸ್ಪರ ಅಣಕು ಸಂದರ್ಶನ ಮಾಡುವಾಗ 20 ನಿಮಿಷ ಸಾಕು, ಮುಗಿದ ಮೇಲೆ ತಿದ್ದಿಕೊಳ್ಳಬೇಕಾದ ಒಂದೇ ಒಂದು ವಿಷಯ ಹೇಳಿ. ‘ಚೆನ್ನಾಗಿತ್ತು’ ಎಂದರೆ ಸಾಲದು, ‘ನಿನ್ನ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಸಂಖ್ಯೆ ಒಂದನ್ನೂ ಹೇಳಲಿಲ್ಲ’ ಎಂದರೆ ಮುಂದಿನ ಸಲ ಹೇಳುತ್ತಾರೆ.

ಹಣದ ಲೆಕ್ಕವೂ ಧೈರ್ಯದ ಭಾಗವೇ. ಸಂಬಳವಿಲ್ಲದೆ ಎಷ್ಟು ತಿಂಗಳು ಇರಬಲ್ಲೆ ಎಂಬ ಸಂಖ್ಯೆ ಗೊತ್ತಿರುವವರು ಸಿಕ್ಕಿದ್ದಕ್ಕೆಲ್ಲ ಗಾಬರಿಯಿಂದ ಕೈಹಾಕುವುದಿಲ್ಲ. ಪದವಿ ಪಡೆದು 180 ದಿನವಾದರೂ ಕೆಲಸ ಸಿಗದಿದ್ದರೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತದೆ. ಮುಂದಿನ ಓದಿಗೆ ಸೇರಿದರೆ ಸಿಗದು, ಕೆಲಸ ಸಿಕ್ಕ ದಿನ ನಿಲ್ಲುತ್ತದೆ. ಸೇವಾಸಿಂಧು ಪೋರ್ಟಲ್‌ನಲ್ಲಿ ನಿಯಮ ಓದಿ ಅರ್ಜಿ ಹಾಕಿ.

ಗುರಿ ಆರಿಸುವ ದಿನ ಫೋನ್ ಪಕ್ಕದಲ್ಲಿರಬಾರದು. ಪ್ರಯೋಗ ಮುಗಿದ ಮೇಲೆ ಉಳಿದ ಎರಡು ದಾರಿಯನ್ನು ಮಾತ್ರ ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಕೆಳಗೆ, ಆ 15 ಗಂಟೆಯಲ್ಲಿ ಏನು ಮಾಡಲು ಬಂತು, ಏನು ಬರಲಿಲ್ಲ, ಮೊದಲ ವರ್ಷ ಕೈಗೆ ಎಷ್ಟು ಬರುತ್ತದೆ, ಮನೆಯವರ ಯಾವ ಆತಂಕಕ್ಕೆ ನಿಮ್ಮಲ್ಲಿ ಉತ್ತರವಿದೆ, ಯಾವುದಕ್ಕೆ ಇಲ್ಲ ಎಂದು ಬರೆಯಿರಿ. ಒಂದನ್ನು ಆರಿಸಿ, ಪಕ್ಕದಲ್ಲಿ ಮರುಪರಿಶೀಲನೆಯ ದಿನಾಂಕ ಹಾಕಿ, ಆರು ತಿಂಗಳ ನಂತರದ್ದು. ಆ ದಿನದ ತನಕ ‘ಬೇರೆಯದು ಒಳ್ಳೆಯದಿತ್ತೇನೋ’ ಎಂಬ ಚರ್ಚೆಗೆ ಬಾಗಿಲು ಹಾಕಿರಿ, ಗ್ರೂಪ್‌ನಲ್ಲೂ, ಮನೆಯಲ್ಲೂ. ನಂತರವೇ ಮತ್ತೆ ಗ್ರೂಪ್‌ಗೆ ಬನ್ನಿ, ಯೋಜನೆ ಮತ್ತು ಅಡ್ಡಿಗಳ ಪ್ರಶ್ನೆ ಹಿಡಿದುಕೊಂಡು.

ಇವತ್ತು ಮಾಡಬೇಕಾದದ್ದು ಇಷ್ಟು: ಹೊರದೇಶದ ಏಜೆಂಟರ ಗ್ರೂಪ್‌ನಿಂದ ಹೊರಬನ್ನಿ. ಉಳಿದವುಗಳಲ್ಲಿ ಜರಡಿ ದಾಟಿದ ಮೂರನ್ನು ಇಟ್ಟುಕೊಂಡು ಮಿಕ್ಕವನ್ನು 30 ದಿನಕ್ಕೆ ಮ್ಯೂಟ್ ಮಾಡಿ, ಈಗಲೇ ಬಿಡಬೇಕಿಲ್ಲ. ಮೂವತ್ತನೆಯ ದಿನ ಐದು ಕೆಲಸಗಳ ಅಂಕವನ್ನು ಹಳೆಯ ಹಾಳೆ ನೋಡದೆ ಹೊಸದಾಗಿ ಹಾಕಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಗುರಿಯ ಅಂಕ 1ರಿಂದ 3ಕ್ಕೆ ಬಂದಿದ್ದರೆ ಮ್ಯೂಟ್ ಮಾಡಿದವು ನಿಮಗೆ ಬೇಕಿರಲಿಲ್ಲ ಎಂದಾಯಿತು. ಅಂಕ ಕದಲದೆ ಇದ್ದರೆ ಕೊರತೆ ಗ್ರೂಪ್‌ನದ್ದಲ್ಲ, ಪ್ರಯೋಗ ಇನ್ನೂ ಶುರುವಾಗಿಲ್ಲ. ಮಳೆ ಪುಸ್ತಕದ ಮೊದಲ ಪುಟ ಟೈಪ್ ಮಾಡಲು ಹತ್ತು ನಿಮಿಷ ಸಾಕು.